ಆಟಿಯ ಮಾರಿ, ಹಟ್ಟಿಯ ನಂಜು

ಧರ್ಮಸ್ಥಳದಿಂದ ಉಜಿರೆಗೆ ಬಂದು ಒಳದಾರಿ ಹಿಡಿದರೆ ಬೆಳ್ತಂಗಡಿ ತಾಲೂಕು ನಡ ಗ್ರಾಮದ ಸುರ್ಯ ಸಿಗುತ್ತದೆ. ಇಲ್ಲಿನ ಸದಾಶಿವ ರುದ್ರ ದೇವಸ್ಥಾನ ಮಣ್ಣಿನ ಹರಕೆಗೆ ಪ್ರಸಿದ್ಧ. ಮನೆ ಕಟ್ಟಲು ಹೊರಟವರು ಮಣ್ಣಿನ ಮನೆ, ಸಂತಾನ ಬಯಸುವವರು ಮಣ್ಣಿನ ತೊಟ್ಟಿಲು, ಕೈಕಾಲು ನೋವಿನವರು ಮಣ್ಣಿನ ಕೈಕಾಲು ಒಪ್ಪಿಸುತ್ತಾರೆ. ಹಟ್ಟಿಯ ಜಾನುವಾರು ಕಾಯಿಲೆ ಬಿದ್ದರೆ ಮಣ್ಣಿನ ದನವೇ ಹರಕೆ. ಪೂಜೆಯ ಬಳಿಕ ಈ ಬೊಂಬೆಗಳೆಲ್ಲ ದೇವಸ್ಥಾನದ ಪಕ್ಕದ ಹರಕೆ ಬನ ಸೇರುತ್ತವೆ. ಮರಗಳ ನೆರಳಿನಲ್ಲಿ ಮಳೆಗೆ ನೆನೆದು, ಪಾಚಿ ಹಿಡಿದು, ಕೊನೆಗೆ ಮಣ್ಣಿಗೇ ಮಣ್ಣಾಗುತ್ತವೆ.

ಆ ಬನದ ಮಣ್ಣಿನ ದನಗಳು ಒಂದು ಬಗೆಯಲ್ಲಿ ಇತಿಹಾಸದ ದಾಖಲೆಗಳು. ಸರಕಾರಿ ಕಡತಗಳಲ್ಲಿ ಒಬ್ಬ ಸಣ್ಣ ರೈತನ ಕರು ಸತ್ತ ಸುದ್ದಿ ಸಿಗುವುದಿಲ್ಲ. ಆದರೆ ಆ ಸಾವಿಗೆ ಅವನು ಎಷ್ಟು ಹೆದರುತ್ತಿದ್ದ ಎಂಬುದನ್ನು ಈ ಬೊಂಬೆಗಳು ಹೇಳುತ್ತವೆ. ಕಾಲು ಮುರಿದ ಎತ್ತು, ಕೆಚ್ಚಲು ಬಾತ ಹಸು ಕಣ್ಣೆದುರಿಗೇ ಇರುತ್ತವೆ, ಏನಾದರೂ ಮಾಡಲು ಸಮಯವೂ ಇರುತ್ತದೆ. ಸಂಜೆ ಚಂಗನೆ ಜಿಗಿಯುತ್ತಿದ್ದ ಕರು ಬೆಳಗಾಗುವಷ್ಟರಲ್ಲಿ ಕಾಲು ಚಾಚಿ ಬಿದ್ದಿರುವುದೇ ನಿಜವಾದ ಭಯ. ಇಂಥ ಸಾವುಗಳಲ್ಲಿ ಒಂದು ದೊಡ್ಡ ಪಾಲು ಹೊಟ್ಟೆಗೆ ಸಂಬಂಧಪಟ್ಟದ್ದು. ಕರುಳಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು, ಅವು ಉಗುಳುವ ನಂಜು ಅದಕ್ಕೆ ಕಾರಣ ಎಂಬುದು ತಿಳಿದು ಇನ್ನೂ ನೂರೈವತ್ತು ವರ್ಷ ಕೂಡ ಆಗಿಲ್ಲ. ಅದಕ್ಕೆ ಮೊದಲು ಅದು ‘ಮಾರಿ’. ಈ ಮಾರಿ ನಂಜಾದ ಕಥೆಯಲ್ಲಿ ತುಳುನಾಡಿನ ಕಳಂಜ, ಚಾಲುಕ್ಯ ರಾಜಕುಮಾರ, ಹೆಬ್ಬಾಳದ ಪ್ರಯೋಗಶಾಲೆ, ಕಲ್ಕತ್ತೆಯ ಒಬ್ಬ ವೈದ್ಯ ಎಲ್ಲರೂ ಬರುತ್ತಾರೆ.

ಆಟಿ ಎಂಬ ಕಷ್ಟಕಾಲ

ತುಳುವರ ಪಂಚಾಂಗದಲ್ಲಿ ಆಟಿ ತಿಂಗಳು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಘಟ್ಟದ ಬುಡದ ಬೆಳ್ತಂಗಡಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಹಳೆಯ ಕಾಲದಲ್ಲಿ ಆಟಿ ಎಂದರೆ ಮನೆಯ ಅಕ್ಕಿ ಮುಗಿಯುವ, ಕೂಲಿ ಸಿಗದ, ಜ್ವರ ಭೇದಿಗಳು ಕಾಡುವ ತಿಂಗಳು. ಶುಭಕಾರ್ಯ ನಿಷಿದ್ಧ.

ಈ ತಿಂಗಳಲ್ಲೇ ಆಟಿ ಕಳಂಜ ಮನೆ ಮನೆಗೆ ಬರುತ್ತಾನೆ. ನಲಿಕೆ ಸಮುದಾಯದವರು ಕಟ್ಟುವ ಈ ವೇಷಕ್ಕೆ ಎಳೆ ತೆಂಗಿನ ಗರಿಯ ತಿರಿ, ಮುಖಕ್ಕೆ ಬಣ್ಣ, ಕೈಯಲ್ಲಿ ತಾಳೆಗರಿಯ ಕೊಡೆ. ತೆಂಬರೆಯ ಬಡಿತಕ್ಕೆ ಅಂಗಳದಲ್ಲಿ ಕುಣಿದು ಊರಿನ ಮಾರಿ ಕಳೆಯುವುದು ಅವನ ಕೆಲಸ. ಮನೆಯವರು ಅಕ್ಕಿ ಅಥವಾ ಭತ್ತ, ತೆಂಗಿನಕಾಯಿ, ಉಪ್ಪು, ಮೆಣಸು, ಅರಸಿನ, ಮಸಿ ಕೊಟ್ಟು ಕಳುಹಿಸುತ್ತಾರೆ. ಗಮನಿಸಬೇಕಾದ ಮಾತೆಂದರೆ ಕಳಂಜ ಕಳೆಯುವುದು ಮನುಷ್ಯರ ಮಾರಿಯನ್ನು ಮಾತ್ರವಲ್ಲ. ಬೆಳೆ, ದನ, ಕರು ಎಲ್ಲದರ ಬೇನೆಯೂ ಅವನ ಲೆಕ್ಕಕ್ಕೆ ಸೇರಿದೆ. ಮನೆ, ಗದ್ದೆ, ಹಟ್ಟಿ ಬೇರೆ ಬೇರೆಯಲ್ಲ ಎಂಬುದು ಇಲ್ಲಿನ ತಿಳಿವಳಿಕೆ.

ಆಟಿ ಅಮಾವಾಸ್ಯೆಯ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿಯೂ ಇದೇ ಭಯದಿಂದ ಹುಟ್ಟಿದ್ದು. ಈ ತೊಗಟೆಯನ್ನು ಬ್ರಿಟಿಷರ ಕಾಲದ ಔಷಧ ಗ್ರಂಥಗಳು ಕೂಡ ಭೇದಿಗೆ ಮದ್ದೆಂದು ಹೆಸರಿಸಿದ್ದವು. ಮಳೆಗಾಲಕ್ಕೂ ಹೊಟ್ಟೆಯ ಬೇನೆಗೂ ನಂಟಿದೆ ಎಂಬುದನ್ನು ಹಿರಿಯರು ಅನುಭವದಿಂದಲೇ ಕಂಡುಕೊಂಡಿದ್ದರು.

ಆ ನಂಟು ಹಟ್ಟಿಯಲ್ಲೇ ಇತ್ತು. ಕರಾವಳಿಯ ಸಾಂಪ್ರದಾಯಿಕ ಹಟ್ಟಿ ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕಾಗಿ ಇದ್ದದ್ದು. ಗುಡ್ಡೆಯಿಂದ ತಂದ ಹಸಿರು ಸೊಪ್ಪನ್ನು ದನಗಳ ಕಾಲಡಿಗೆ ಹಾಸುವುದು, ಅದು ಸೆಗಣಿ ಗಂಜಳದಲ್ಲಿ ನೆನೆದಾಗ ಮೇಲೆ ಮತ್ತೆ ಸೊಪ್ಪು ಹಾಕುವುದು. ಗದ್ದೆಗೂ ಅಡಿಕೆ ತೋಟಕ್ಕೂ ಇದರಿಂದ ಬಂಗಾರದಂಥ ಗೊಬ್ಬರ ಸಿಗುತ್ತಿತ್ತು. ಆದರೆ ಮಳೆಗಾಲವಿಡೀ ಒದ್ದೆಯಾಗಿ, ಬೆಚ್ಚಗೆ ಇರುವ ಈ ಹಾಸು ರೋಗಾಣುಗಳಿಗೂ ಒಳ್ಳೆಯ ತಾಣ. ಅದರ ಮೇಲೇ ಹುಟ್ಟಿ, ಅದರ ಮೇಲೇ ಮಲಗಿ, ಅಲ್ಲಿಂದಲೇ ಎದ್ದು ಸೆಗಣಿ ಮೆತ್ತಿದ ಕೆಚ್ಚಲಿಗೆ ಬಾಯಿ ಹಾಕುವ ಎಳೆಗರುವಿನ ಹೊಟ್ಟೆಗೆ ಮೊದಲು ಹೋಗುವುದು ಹಾಲೋ ರೋಗಾಣುವೋ ಎಂಬುದು ಅದೃಷ್ಟದ ಮಾತಾಗಿತ್ತು.

ಮದ್ದು ಮತ್ತು ಮಂತ್ರ

ಜಾನುವಾರು ಚಿಕಿತ್ಸೆಯ ಬಗ್ಗೆ ಬರೆದಿಡುವ ಪರಂಪರೆ ಕನ್ನಡಕ್ಕೆ ಹೊಸದಲ್ಲ. ಸುಮಾರು ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣ ಚಾಲುಕ್ಯರ ಮನೆತನದ ಕೀರ್ತಿವರ್ಮ ‘ಗೋವೈದ್ಯ’ ಎಂಬ ಕೃತಿಯನ್ನು ರಚಿಸಿದ. ಆರನೆಯ ವಿಕ್ರಮಾದಿತ್ಯನ ಸೋದರನೆಂದು ಸಾಹಿತ್ಯ ಚರಿತ್ರೆಕಾರರು ಗುರುತಿಸುವ ಈತ ಜೈನ ಕವಿ. ರಾಜಕುಮಾರನೊಬ್ಬ ದನದ ಕಾಯಿಲೆಗಳ ಬಗ್ಗೆ ಬರೆಯಲು ಕುಳಿತನೆಂದರೆ ಆ ಕಾಲದ ಬದುಕಿನಲ್ಲಿ ಗೋಸಂಪತ್ತಿಗೆ ಇದ್ದ ಬೆಲೆ ತಿಳಿಯುತ್ತದೆ. ಕೃತಿಯಲ್ಲಿ ಗಿಡಮೂಲಿಕೆಯ ಮದ್ದೂ ಇದೆ, ಮಂತ್ರವೂ ಇದೆ.

ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಕಣ್ಣಿಗೆ ಕಾಣುವ ಬೇನೆಗೆ ಮದ್ದು, ಕಾರಣ ಕಾಣದ ಬೇನೆಗೆ ಮಂತ್ರ ಎಂಬ ವಿಂಗಡಣೆ ಜಗತ್ತಿನ ಎಲ್ಲ ಕಡೆಯೂ ಇತ್ತು. ಸೂಕ್ಷ್ಮದರ್ಶಕ ಬರುವ ತನಕ ಕರುಳಿನೊಳಗೆ ನಡೆಯುವುದನ್ನು ನೋಡುವ ದಾರಿಯೇ ಇರಲಿಲ್ಲ. ಧರ್ಮಸ್ಥಳದಲ್ಲಿ ಇಂದಿಗೂ ಹೇಳುವ ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧವೂ ಅಭಯವೂ ಅಕ್ಕಪಕ್ಕದಲ್ಲೇ ಇವೆ. ಕಾಯಿಲೆ ಬಿದ್ದ ಹಟ್ಟಿಗೆ ಎರಡೂ ಬೇಕಾಗಿತ್ತು.

ದೊಡ್ಡ ರೋಗದ ನೆರಳಿನಲ್ಲಿ

ಬ್ರಿಟಿಷ್ ಸರಕಾರ ಜಾನುವಾರು ರೋಗಗಳತ್ತ ಕಣ್ಣು ಹಾಯಿಸಿದ್ದು ಕರುವಿನ ಭೇದಿಯನ್ನು ಕಂಡಲ್ಲ. ಊರಿಗೆ ಊರನ್ನೇ ಬರಿದು ಮಾಡುತ್ತಿದ್ದ ಇನ್ನೊಂದು ಬೇನೆ ಅದಕ್ಕೆ ಕಾರಣ. ಕನ್ನಡದಲ್ಲಿ ಅದರ ಹೆಸರೇ ‘ದೊಡ್ಡ ರೋಗ’. ಜ್ವರ, ಬಾಯಿ ಹುಣ್ಣು, ನಾರುವ ಭೇದಿ, ವಾರದೊಳಗೆ ಸಾವು. ಭೇದಿಯೇ ಅದರ ಮುಖ್ಯ ಲಕ್ಷಣವಾದ್ದರಿಂದ ಹೊಟ್ಟೆಯ ಬೇರೆ ಬೇನೆಗಳೂ ಅದರ ಹೆಸರಿನಲ್ಲೇ ಲೆಕ್ಕಕ್ಕೆ ಸೇರಿದ್ದರೆ ಆಶ್ಚರ್ಯವಿಲ್ಲ. ದೊಡ್ಡ ರೋಗಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ ಎಂಬುದು ಗೊತ್ತಾದದ್ದು 20ನೆಯ ಶತಮಾನದ ಆರಂಭದಲ್ಲಿ.

ಜೆ.ಎಚ್.ಬಿ. ಹ್ಯಾಲನ್ ನೇತೃತ್ವದ ಜಾನುವಾರು ಪಿಡುಗು ಆಯೋಗ 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಆರಂಭವಾಯಿತು. ಜನವಸತಿಯಿಂದ ದೂರವಿರಲೆಂದು 1893ರಲ್ಲಿ ಅದು ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಹೋಯಿತು. ಕ್ಷಯ ಮತ್ತು ಕಾಲರಾ ರೋಗಾಣುಗಳನ್ನು ಕಂಡುಹಿಡಿದ ರಾಬರ್ಟ್ ಕೋಕ್ 1897ರಲ್ಲಿ ಅಲ್ಲಿಗೆ ಭೇಟಿ ನೀಡಿದ್ದರು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಇದೇ.

ಮೈಸೂರು ಸಂಸ್ಥಾನ ತನ್ನದೇ ದಾರಿ ಹಿಡಿಯಿತು. ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್ ಹೆಸರು ಅಡಿಕೆ ಬೆಳೆಗಾರರಿಗೆ ಪರಿಚಿತ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು ಅವರು. ಕೋಲ್‌ಮನ್ ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿ ಬೆಳೆಸಿದ ಕಾಲದಲ್ಲಿಯೇ, 1920ರ ದಶಕದ ಮಧ್ಯದಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ತಲೆಯೆತ್ತಿತು. ದೊಡ್ಡ ರೋಗಕ್ಕೆ ಸೀರಂ ತಯಾರಿಸುವುದು ಅದರ ಮೊದಲ ಕೆಲಸ. ಈಗಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದರ ಮುಂದುವರಿಕೆ.

ಆದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳು ಆಗ ಮೈಸೂರಿಗೆ ಸೇರಿರಲಿಲ್ಲ. ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದ ಒಂದು ಮೂಲೆಯ ಜಿಲ್ಲೆ. 1903ರಲ್ಲಿ ಆರಂಭವಾದ ಮದ್ರಾಸು ಪಶುವೈದ್ಯ ಕಾಲೇಜಿನಲ್ಲಿ ಕಲಿತವರು ಇಲ್ಲಿಗೆ ಬರಬೇಕಾಗಿತ್ತು. ಹೊಳೆಗಳಿಗೆ ಸೇತುವೆಯಿಲ್ಲದ ಮಳೆಗಾಲದಲ್ಲಿ ಪಟ್ಟಣದಿಂದ ಹೊರಟ ಔಷಧ ಘಟ್ಟದ ಬುಡದ ಹಟ್ಟಿಗೆ ಹೊತ್ತಿಗೆ ಸರಿಯಾಗಿ ತಲುಪುವುದು ಸುಲಭವಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜೂ ಬಂತು. ಆಮೇಲೆ ಇಲ್ಲಿನ ಹಟ್ಟಿಗಳಿಗೂ ಹೆಬ್ಬಾಳಕ್ಕೂ ಸಂಬಂಧ ಬೆಳೆಯಿತು.

ದೊಡ್ಡ ರೋಗದ ಕಥೆ ಸುಖಾಂತವಾಯಿತು. ಭಾರತದಲ್ಲಿ ಅದು ಕೊನೆಯ ಬಾರಿ ಕಾಣಿಸಿದ್ದು 1995ರಲ್ಲಿ. 2011ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಮನುಷ್ಯ ಭೂಮಿಯಿಂದ ಅಳಿಸಿಹಾಕಿದ ರೋಗಗಳು ಎರಡೇ, ಒಂದು ಸಿಡುಬು, ಇನ್ನೊಂದು ಇದು. ಹಾಗಾದರೆ ಕರುಳಿನ ಬ್ಯಾಕ್ಟೀರಿಯಾಗಳನ್ನು ಏಕೆ ಅಳಿಸಲಾಗಲಿಲ್ಲ? ಉತ್ತರ ಬೇಕಾದರೆ ಅವು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು.

ಕಲ್ಕತ್ತೆಯಲ್ಲಿ ಸಿಕ್ಕ ಸುಳಿವು

ಜರ್ಮನಿಯ ಮಕ್ಕಳ ವೈದ್ಯ ಥಿಯೋಡರ್ ಎಷೆರಿಶ್ 1885ರಲ್ಲಿ ಎಳೆ ಮಕ್ಕಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಇಂದು ಅವರ ಹೆಸರಿನಿಂದಲೇ ಅದನ್ನು ಎಷೆರಿಶಿಯಾ ಕೋಲಿ, ಚಿಕ್ಕದಾಗಿ ಇ-ಕೋಲಿ ಎನ್ನುತ್ತಾರೆ. ಅದೇ ವರ್ಷ ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಮತ್ತು ಅವರ ಸಹಾಯಕ ಥಿಯೋಬಾಲ್ಡ್ ಸ್ಮಿತ್ ಹಂದಿಗಳಲ್ಲಿ ಇನ್ನೊಂದನ್ನು ಕಂಡರು. ಸಾಲ್ಮೊನೆಲ್ಲಾ ಎಂಬ ಹೆಸರು ಅದರಿಂದ ಬಂತು. ಸಾಲ್ಮೊನೆಲ್ಲಾ ಕರುಗಳಿಗೆ ರಕ್ತಭೇದಿ ತರಬಲ್ಲದು, ಹಾಲು ಮೊಟ್ಟೆ ಮಾಂಸದ ಮೂಲಕ ಮನುಷ್ಯರಿಗೂ ದಾಟಬಲ್ಲದು. ಇ-ಕೋಲಿಯದು ಮಾತ್ರ ವಿಚಿತ್ರ. ಆರೋಗ್ಯವಂತರ ಹೊಟ್ಟೆಯಲ್ಲೂ ಅದಿದೆ. ಎಲ್ಲರ ಹೊಟ್ಟೆಯಲ್ಲಿರುವುದು ಕೆಲವರನ್ನು ಮಾತ್ರ ಏಕೆ ಕೊಲ್ಲುತ್ತದೆ?

ಇದಕ್ಕೆ ಮುಖ್ಯ ಸುಳಿವು ಸಿಕ್ಕಿದ್ದು ಭಾರತದಲ್ಲಿ. ಕಾಲರಾ ರೋಗಾಣು ಒಂದು ನಂಜನ್ನು ಉತ್ಪತ್ತಿ ಮಾಡುತ್ತದೆಂದು ಕೋಕ್ ಊಹಿಸಿದ್ದರು. ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ಯಾರೂ ಸಾಬೀತು ಮಾಡಿರಲಿಲ್ಲ. ಕಲ್ಕತ್ತೆಯ ಶಂಭುನಾಥ ಡೇ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಅದರೊಳಕ್ಕೆ ರೋಗಾಣುವನ್ನು ಬಿಟ್ಟು ನೋಡುವ ಸರಳ ವಿಧಾನ ರೂಪಿಸಿದರು. 1959ರಲ್ಲಿ ರೋಗಾಣುಗಳನ್ನೆಲ್ಲ ಸೋಸಿ ತೆಗೆದ ಬರೀ ದ್ರವವನ್ನೇ ಬಿಟ್ಟರು. ಆಗಲೂ ಕರುಳು ನೀರು ತುಂಬಿ ಉಬ್ಬಿತು. ಅಂದರೆ ಕೆಡುಕಿಗೆ ಕಾರಣ ರೋಗಾಣುವಿನ ದೇಹವಲ್ಲ, ಅದು ಉಗುಳಿದ ನಂಜು. ಇ-ಕೋಲಿಯ ಕೆಲವು ತಳಿಗಳೂ ಮೊಲದ ಕರುಳಿನಲ್ಲಿ ಇಂಥದೇ ಪರಿಣಾಮ ತೋರುತ್ತವೆಂದು ಡೇ ಮತ್ತು ಸಂಗಡಿಗರು ಅದಕ್ಕೂ ಮೊದಲೇ, 1956ರಲ್ಲಿ ಕಂಡಿದ್ದರು.

ಮನುಷ್ಯರಿಗಾಗಿ ಹುಟ್ಟಿದ ಈ ವಿಧಾನ ಬೇಗನೆ ಹಟ್ಟಿಗೂ ಬಂತು. 1967ರಲ್ಲಿ ಇಂಗ್ಲೆಂಡಿನ ವಿಲಿಯಮ್ಸ್ ಸ್ಮಿತ್ ಮತ್ತು ಹಾಲ್ಸ್ ಕರು, ಹಂದಿಮರಿ, ಕುರಿಮರಿಗಳ ಕರುಳಿನಲ್ಲಿ ಇದೇ ಪ್ರಯೋಗ ನಡೆಸಿ, ಇ-ಕೋಲಿಯ ಕೆಲವು ತಳಿಗಳು ಮಾತ್ರ ನೀರು ತುಂಬಿಸುತ್ತವೆಂದು ತೋರಿಸಿದರು. ಎಲ್ಲ ಇ-ಕೋಲಿಯೂ ಕೇಡಿಯಲ್ಲ, ನಂಜುಳ್ಳವು ಮಾತ್ರ ಕೇಡಿಗಳು. ಕರುವಿನ ನಂಜು ಮತ್ತು ಕಾಲರಾ ನಂಜು ಒಂದೇ ಅಲ್ಲವಾದರೂ ಕೆಲಸದ ರೀತಿ ಒಂದೇ ಬಗೆಯದು. ಕರುಳಿನ ಗೋಡೆಯನ್ನು ಅವು ಹರಿಯುವುದಿಲ್ಲ. ಅಲ್ಲಿನ ನಲ್ಲಿಗಳನ್ನು ತೆರೆದಿಟ್ಟಂತೆ ಮಾಡುತ್ತವೆ. ದೇಹದ ನೀರೂ ಉಪ್ಪೂ ಹೊರಕ್ಕೆ ಹರಿದುಹೋಗುತ್ತವೆ.

ಹುಟ್ಟಿ ಎರಡು ಮೂರು ದಿನದ ಕರುವಿಗೆ ಬರುವ ಬಿಳಿ ಭೇದಿಯ ಗುಟ್ಟು ಇದು. 25 ಕಿಲೊ ತೂಕದ ಕರು ಎರಡೂವರೆ ಲೀಟರ್ ನೀರು ಕಳೆದುಕೊಂಡರೆ ಕಣ್ಣು ಗುಳಿ ಬಿದ್ದು, ಕಿವಿ ತಣ್ಣಗಾಗಿ, ನಿಲ್ಲಲಾರದೆ ಬೀಳುತ್ತದೆ. ಅಷ್ಟು ನೀರು ಹೋಗಲು ಒಂದು ಹಗಲು ಒಂದು ರಾತ್ರಿ ಸಾಕು. ಕರುವನ್ನು ಉಳಿಸುವ ಮೊದಲ ಮದ್ದು ಯಾವುದೇ ದುಬಾರಿ ಚುಚ್ಚುಮದ್ದಲ್ಲ, ಹೋದ ನೀರನ್ನೂ ಉಪ್ಪನ್ನೂ ಮರಳಿ ಕೊಡುವುದು. ಭೇದಿಯ ನಡುವೆಯೂ ಉಪ್ಪು ಸಕ್ಕರೆ ಜತೆಯಾಗಿ ಹೋದರೆ ಕರುಳು ಅವನ್ನು ಹೀರಿಕೊಳ್ಳುತ್ತದೆ, ನೀರು ಅವುಗಳ ಬೆನ್ನಿಗೆ ಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಸಾವಿರಾರು ಜೀವ ಉಳಿಸಿದ್ದು ಇದೇ ತತ್ವದಿಂದ. ಭೇದಿ ಶುರುವಾದೊಡನೆ ಇಂಥ ನೀರು ಕುಡಿಸುತ್ತಾ ಪಶುವೈದ್ಯರಿಗೆ ಹೇಳಿಕಳುಹಿಸಿದರೆ ಎಷ್ಟೋ ಕರುಗಳು ಬದುಕುತ್ತವೆ.

ಗಿಣ್ಣು ಯಾರ ಪಾಲು?

ಇದಕ್ಕಿಂತ ದೊಡ್ಡ ಮದ್ದು ಹಸುವಿನ ಕೆಚ್ಚಲಿನಲ್ಲಿಯೇ ಇದೆ. ಸಾಲ್ಮನ್ ಅವರ ಸಹಾಯಕರಾಗಿದ್ದ ಥಿಯೋಬಾಲ್ಡ್ ಸ್ಮಿತ್ ಮುಂದೆ ರಾಲ್ಫ್ ಲಿಟ್ಲ್ ಜತೆ ಸೇರಿ 1922ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆಗ ತಾನೇ ಹುಟ್ಟಿದ ಕೆಲವು ಕರುಗಳಿಗೆ ಮೊದಲ ಹಾಲು, ಅಂದರೆ ಗಿಣ್ಣು ಕುಡಿಸಿದರು. ಕೆಲವಕ್ಕೆ ಕೊಡದೆ ಬೇರೆ ಹಾಲು ಕುಡಿಸಿದರು. ಗಿಣ್ಣು ಕುಡಿದವು ಬದುಕಿದವು. ಕುಡಿಯದವುಗಳಲ್ಲಿ ಹೆಚ್ಚಿನವು ಸತ್ತವು.

ಮನುಷ್ಯರ ಮಗು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ಕಣಗಳನ್ನು ಪಡೆಯುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸುವಿನ ಮಾಸು ಅವನ್ನು ದಾಟಲು ಬಿಡುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ, ಅದರ ರಕ್ಷಣೆಯೆಲ್ಲ ಗಿಣ್ಣಿನಲ್ಲಿದೆ. ಅದಕ್ಕೂ ಒಂದು ಗಡುವಿದೆ. ಹುಟ್ಟಿದ ಮೊದಲ ಆರು ತಾಸು ಕರುಳು ಆ ಕಣಗಳನ್ನು ಚೆನ್ನಾಗಿ ಹೀರುತ್ತದೆ, ಆಮೇಲೆ ಇಳಿಯುತ್ತಾ ಬಂದು 24 ತಾಸಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ. ಕರುವಿನ ತೂಕದ ಹತ್ತನೆಯ ಒಂದು ಪಾಲು ಗಿಣ್ಣು ಮೊದಲ ದಿನ ಹೊಟ್ಟೆಗೆ ಹೋಗಬೇಕು, ಸಾಧ್ಯವಾದಷ್ಟೂ ಬೇಗ ಹೋಗಬೇಕು.

ಇಲ್ಲಿ ನಮ್ಮ ಎರಡು ರೂಢಿಗಳು ಅಡ್ಡ ಬರುತ್ತವೆ. ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂಬುದು ಒಂದು. ಮಾಸು ಬೀಳುವುದು ಎಂಟು ಹತ್ತು ತಾಸು ತಡವಾದರೆ ಕರುವಿನ ಅಮೂಲ್ಯ ಸಮಯ ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಕರು ಚೀಪುವುದರಿಂದ ಮಾಸು ಬೀಳಲು ನೆರವೇ ಆಗುತ್ತದೆ. ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ನೆರೆಹೊರೆಗೆ ಹಂಚುವುದು ಇನ್ನೊಂದು. ಅದರ ರುಚಿ ಬಲ್ಲವರು ಬಿಡಲಾರರು. ಬಿಡಬೇಕಾಗಿಯೂ ಇಲ್ಲ. ಕರುವಿನ ಪಾಲು ಮೊದಲು, ಮನೆಯವರದು ನಂತರ ಎಂಬ ಕ್ರಮವೊಂದಿದ್ದರೆ ಸಾಕು. ಗಂಡು ಕರು ಹುಟ್ಟಿದಾಗ ಈ ಕ್ರಮ ತಪ್ಪುವುದು ಹೆಚ್ಚು. ಉಳುಮೆಗೆ ಎತ್ತು ಬೇಡವಾದ ಕಾಲದಲ್ಲಿ ಅದರ ಭೇದಿಯನ್ನು ವಿಚಾರಿಸುವವರೂ ಕಡಿಮೆ.

ಘಟ್ಟದ ಮೇಲಿನ ಕರುಳು ಬೇನೆ

ಕರಾವಳಿಯಲ್ಲಿ ಈ ನಂಜಿಗೆ ಮುಖ್ಯವಾಗಿ ಬಲಿಯಾಗುವುದು ಕರು. ಚಾರ್ಮಾಡಿ ಘಟ್ಟ ಹತ್ತಿ, ಮಲೆನಾಡನ್ನು ದಾಟಿ ಬಯಲುಸೀಮೆಗೆ ಹೋದರೆ ಅಲ್ಲಿ ಕುರಿ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಕುರಿಗಾಹಿಗಳಿಗೆ ‘ಕರುಳು ಬೇನೆ’ ಎಂಬ ಹೆಸರೇ ಭಯ ಹುಟ್ಟಿಸುತ್ತದೆ. ಮುಂಗಾರು ಬಿದ್ದು ಎಳೆ ಹುಲ್ಲು ಚಿಗುರಿದಾಗ, ಅಥವಾ ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಯನ್ನು ಕುರಿಗಳು ಹೊಟ್ಟೆಬಿರಿಯ ತಿಂದಾಗ ಇದು ಎರಗುತ್ತದೆ. ತಲೆ ಹಿಂದಕ್ಕೆ ಬಾಗಿಸಿ, ಕಾಲು ಒದರಿ, ಕೆಲವೇ ತಾಸಿನಲ್ಲಿ ಸಾವು. ಸಾಯುವುದು ಹಿಂಡಿನ ಬಡಕಲು ಮರಿಯಲ್ಲ, ಹೆಚ್ಚು ಹಾಲು ಕುಡಿದು ಕೊಬ್ಬಿದ, ಚೆಂದದ ಮರಿ. ಒಳ್ಳೆಯದನ್ನೇ ಆರಿಸಿ ಒಯ್ಯುವ ಇದನ್ನು ಮಾರಿಯ ಕೆಲಸವೆಂದು ನಂಬಿದವರ ತಪ್ಪೇನು?

ಕಾರಣ ಬಯಲಾದದ್ದು ಕುರಿಗಳ ಇನ್ನೊಂದು ನಾಡಿನಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ಪಶುವೈದ್ಯ ವಿಜ್ಞಾನಿ ಹೆರಾಲ್ಡ್ ಬೆನೆಟ್ಸ್ 1932ರಲ್ಲಿ ಈ ಸಾವಿನ ಹಿಂದೆ ಕ್ಲಾಸ್ಟ್ರಿಡಿಯಂ ಗುಂಪಿನ ಬ್ಯಾಕ್ಟೀರಿಯಾ ಇರುವುದನ್ನು ತೋರಿಸಿದರು. ಮಣ್ಣಿನಲ್ಲೂ ಆರೋಗ್ಯವಂತ ಕುರಿಯ ಕರುಳಿನಲ್ಲೂ ಅದು ತಣ್ಣಗೆ ಇರುತ್ತದೆ. ಒಮ್ಮೆಲೇ ಪಿಷ್ಟ, ಸಕ್ಕರೆಯ ಆಹಾರ ಸಣ್ಣ ಕರುಳಿಗೆ ಇಳಿದಾಗ ಮಿತಿಮೀರಿ ಬೆಳೆದು ‘ಎಪ್ಸಿಲಾನ್’ ಎಂಬ ನಂಜನ್ನು ಬಿಡುತ್ತದೆ. ಹುಟ್ಟುವಾಗ ಆ ನಂಜಿಗೆ ಹೆಚ್ಚು ಶಕ್ತಿಯಿಲ್ಲ. ಕುರಿಯ ಜೀರ್ಣರಸವೇ ಅದನ್ನು ಕತ್ತರಿಸಿ ಹರಿತ ಮಾಡುತ್ತದೆ. ಹೀಗೆ ಹರಿತಗೊಂಡ ನಂಜು ರಕ್ತ ಸೇರಿ ಮಿದುಳನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಲಕ್ಷಣ ಕಂಡ ಮೇಲೆ ಚಿಕಿತ್ಸೆಗೆ ಸಮಯವೇ ಉಳಿದಿರುವುದಿಲ್ಲ.

ಇದನ್ನು ತಡೆಯುವ ದಾರಿ ಲಸಿಕೆ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ತೋನ್ ರಾಮೋನ್ ಗಂಟಲಮಾರಿ ಮತ್ತು ಧನುರ್ವಾಯುವಿನ ನಂಜಿಗೆ ಫಾರ್ಮಲಿನ್ ಬೆರೆಸಿ ಅದರ ವಿಷ ಕಳೆದು, ಗುರುತು ಮಾತ್ರ ಉಳಿಸುವುದನ್ನು ಕಂಡುಕೊಂಡಿದ್ದರು. ಅದೇ ಉಪಾಯ ಕುರಿಗೂ ಒದಗಿತು. ಹೆಬ್ಬಾಳದ ಸಂಸ್ಥೆ ಕರುಳು ಬೇನೆಗೆ ಲಸಿಕೆ ತಯಾರಿಸುತ್ತದೆ. ಅದನ್ನು ಮಳೆಗೆ ಮುಂಚೆ ಹಾಕಿಸಬೇಕು. ಮೊದಲ ಸಲವಾದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ, ಬಳಿಕ ಪ್ರತಿ ವರ್ಷ. ಬೆಂಗಳೂರಿನ ಯಲಹಂಕದ ಬಳಿಯ ರಾಷ್ಟ್ರೀಯ ಪಶು ರೋಗ ಸಂಸ್ಥೆ ‘ನಿವೇದಿ’ ಯಾವ ಜಿಲ್ಲೆಗೆ ಯಾವ ರೋಗದ ಅಪಾಯವಿದೆ ಎಂದು ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುತ್ತದೆ. ಅದರ ಪಟ್ಟಿಯಲ್ಲಿ ಕರುಳು ಬೇನೆಯೂ ಇದೆ.

ಅತಿಯಾದರೆ ಅಮೃತವೂ ವಿಷ

ಕುರಿಯ ಕಥೆ ಕರಾವಳಿಯ ಹಸುವಿಗೂ ಅನ್ವಯಿಸುತ್ತದೆ. ಮೇ, ಜೂನ್ ತಿಂಗಳ ಹಲಸಿನ ಕಾಲದಲ್ಲಿ ತೋಟಕ್ಕೆ ನುಗ್ಗಿ ಕೊಳೆತ ಹಣ್ಣು ಹೊಟ್ಟೆ ತುಂಬ ತಿಂದ ಹಸು ಮೇವು ಬಿಟ್ಟು, ಹೊಟ್ಟೆ ಉಬ್ಬಿ, ತೂರಾಡುತ್ತದೆ. ಮದುವೆ, ಪೂಜೆಯ ಮನೆಯಲ್ಲಿ ಉಳಿದ ಅನ್ನ ಪಾಯಸವನ್ನು ಹಾಳು ಮಾಡಬಾರದೆಂದು ದನಕ್ಕೆ ಸುರಿದಾಗಲೂ ಇದೇ ಗತಿ. ಇಲ್ಲಿ ಹೊರಗಿನ ರೋಗಾಣು ಯಾವುದೂ ಇಲ್ಲ. ಮೆಲುಕು ಚೀಲದಲ್ಲಿ ಹುಲ್ಲು ಕರಗಿಸುವ ಬ್ಯಾಕ್ಟೀರಿಯಾಗಳ ಜತೆಗೇ ಪಿಷ್ಟವನ್ನು ಹುಳಿ ಮಾಡುವವೂ ಇವೆ. ಪಿಷ್ಟ, ಸಕ್ಕರೆ ಒಮ್ಮೆಲೇ ಬಂದರೆ ಹುಳಿ ಮಾಡುವವು ಮೇಲುಗೈ ಸಾಧಿಸಿ, ಚೀಲವಿಡೀ ಆಮ್ಲವಾಗಿ, ಉಳಿದವು ಸಾಯುತ್ತವೆ. ಪ್ರೀತಿಯಿಂದ ಕೊಟ್ಟ ಊಟವೇ ಪ್ರಾಣಕ್ಕೆ ಎರವಾಗುತ್ತದೆ. ದಿನವೂ ಕೊಡುವ ಅಕ್ಕಚ್ಚಿಗೆ ಹಿಡಿ ಅನ್ನ ಸೇರಿದರೆ ಅಡ್ಡಿಯಿಲ್ಲ, ಬುಟ್ಟಿಗಟ್ಟಲೆ ಸುರಿಯುವುದು ಮಾತ್ರ ಅಪಾಯ.

ಬದಲಾದ ಹಟ್ಟಿ

ಕರಾವಳಿ ಮತ್ತು ಮಲೆನಾಡಿನ ಮೂಲ ದನ ಮಲೆನಾಡು ಗಿಡ್ಡ. ಗುಡ್ಡೆ ಹತ್ತಿ ಮೇದು, ಮಳೆ ತಡೆದು, ಕಡಿಮೆ ತಿಂದು ಬದುಕುವ ಜಾತಿ. ಹಾಲು ಕಡಿಮೆ, ಆದರೆ ಕರು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ಕೆಚ್ಚಲು ಹುಡುಕುತ್ತದೆ. 1970ರ ದಶಕದ ನಂತರ ಹೈನುಗಾರಿಕೆ ಬೆಳೆದು ಮಿಶ್ರತಳಿ ಹಸುಗಳು ಬಂದವು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದಾಗ ಸಣ್ಣ ರೈತರ ಏಳಿಗೆಯ ದಾರಿಗಳಲ್ಲಿ ಹೈನುಗಾರಿಕೆಯೂ ಒಂದಾಗಿತ್ತು. ಊರೂರಿಗೆ ಹಾಲಿನ ಸೊಸೈಟಿ ಬಂದು ಹೆಂಗಸರ ಕೈಗೆ ನಾಲ್ಕು ಕಾಸು ಸೇರಿತು. ಸೊಪ್ಪಿನ ಹಟ್ಟಿಯ ಜಾಗದಲ್ಲಿ ಸಿಮೆಂಟು ನೆಲ, ಪಕ್ಕದಲ್ಲಿ ಗೋಬರ್ ಗ್ಯಾಸ್ ಗುಂಡಿ ಬಂದವು.

ಸಿಮೆಂಟು ನೆಲ ತೊಳೆಯಲು ಸುಲಭವಾದ್ದರಿಂದ ಕರುವಿಗೆ ಒಳ್ಳೆಯದೇ ಆಯಿತು. ಆದರೆ ಒಂದು ಹಳೆಯ ಅಪಾಯ ಹೋದಲ್ಲಿ ಹೊಸದು ಬಂತು. ಒಂದು ಹಸುವಿಗೆ ಹಾಕಿದ ಬಂಡವಾಳ ದೊಡ್ಡದು, ಅದು ಹೋದರೆ ಸಾಲ ಮಾತ್ರ ಉಳಿಯುತ್ತದೆ. ಆ ಭಯದಲ್ಲಿ ಭೇದಿ ಕಂಡ ಕೂಡಲೇ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ಅರ್ಧಂಬರ್ಧ ಕೊಡುವ ಅಭ್ಯಾಸ ಬೆಳೆಯಿತು. ಹಾಗೆ ಕೊಟ್ಟಾಗ ಮದ್ದಿಗೆ ಬಗ್ಗದ ರೋಗಾಣುಗಳು ಉಳಿದು ಬೆಳೆಯುತ್ತವೆ. ಮನುಷ್ಯರ ಚಿಕಿತ್ಸೆಗೆ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸದಂತೆ ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಆತಂಕದಿಂದ. ಹಟ್ಟಿಯ ನಂಜು ಹಟ್ಟಿಯಲ್ಲೇ ಉಳಿಯುವುದಿಲ್ಲ ಎಂಬ ಕಳಂಜನ ಕಾಲದ ತಿಳಿವು ಇಲ್ಲಿ ಬೇರೆ ರೂಪದಲ್ಲಿ ಮರಳಿ ಬಂದಿದೆ.

ಓಡಿಸಲಾಗದ ಮಾರಿ

ದೊಡ್ಡ ರೋಗದ ವೈರಸ್‌ಗೆ ಪ್ರಾಣಿಗಳ ದೇಹದ ಹೊರಗೆ ನೆಲೆಯಿರಲಿಲ್ಲ. ಒಮ್ಮೆ ಲಸಿಕೆ ಹಾಕಿದರೆ ಬಹುಕಾಲ ರಕ್ಷಣೆ. ಸುತ್ತುವರಿದು ಹಿಡಿದರೆ ಅದು ಮುಗಿದಂತೆ. ಕರುಳಿನ ಬ್ಯಾಕ್ಟೀರಿಯಾಗಳದು ಹಾಗಲ್ಲ. ಅವು ಮಣ್ಣಿನಲ್ಲಿವೆ, ಸೆಗಣಿಯಲ್ಲಿವೆ, ಆರೋಗ್ಯವಂತ ಹಸುವಿನ ಹೊಟ್ಟೆಯಲ್ಲೇ ಇವೆ. ಅವುಗಳ ನೆಂಟರಿಷ್ಟರಿಲ್ಲದೆ ಹಸು ಹುಲ್ಲನ್ನು ಹಾಲಾಗಿಸಲಾರದು. ಅವನ್ನು ಅಳಿಸಿಹಾಕುವ ದಿನ ಬರಲಾರದು. ಮಾಡಬಹುದಾದದ್ದು ಅವುಗಳಿಗೆ ಅವಕಾಶ ಸಿಗುವ ಗಳಿಗೆಯನ್ನು ತಿಳಿದು, ಅದಕ್ಕಿಂತ ಒಂದು ಹೆಜ್ಜೆ ಮುಂದಿರುವುದು. ಮಾಸಿಗೆ ಕಾಯದೆ ಗಿಣ್ಣು, ಮಳೆಗೆ ಮುಂಚೆ ಲಸಿಕೆ, ಭೇದಿಯ ಮೊದಲ ತಾಸಿನಲ್ಲೇ ಉಪ್ಪು-ಸಕ್ಕರೆಯ ನೀರು, ಮೇವು ಬದಲಿಸುವಾಗ ನಿಧಾನ. ಯಾವುದೂ ದುಬಾರಿಯಲ್ಲ, ಹೊತ್ತು ತಪ್ಪಿದರೆ ಯಾವುದೂ ಫಲಿಸುವುದಿಲ್ಲ.

ತುಳುನಾಡಿನವರು ಕಳಂಜನನ್ನು ಒಮ್ಮೆ ಕರೆದು ಮಾರಿ ಹೋಯಿತೆಂದು ನೆಮ್ಮದಿಯಿಂದ ಇದ್ದುಬಿಡಲಿಲ್ಲ. ಆಟಿ ಬಂದಾಗಲೆಲ್ಲ ಅವನು ಬರಬೇಕು, ಪ್ರತಿ ವರ್ಷ ಅಂಗಳದಲ್ಲಿ ಕುಣಿಯಬೇಕು ಎಂದುಕೊಂಡರು. ಕರುಳಿನ ನಂಜಿನ ಮಟ್ಟಿಗೆ ಪ್ರಯೋಗಶಾಲೆಗಳೂ ಕಡೆಗೆ ಮುಟ್ಟಿದ್ದು ಇದೇ ತೀರ್ಮಾನಕ್ಕೆ. ಈ ಮಾರಿಯನ್ನು ಪ್ರತಿ ವರ್ಷವೂ ಕಳೆಯಬೇಕು, ಅದೂ ಅದು ಹೊಸಿಲು ದಾಟುವ ಮೊದಲು.